ತೆಳಿಯಲ್ಲಿ ಹೋಗುವುದು, ಅನ್ನದಲ್ಲಿ ಉಳಿಯುವುದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಯಾವ ಮನೆಗೆ ಹೋದರೂ ಅಕ್ಕಿ ಎರಡು ಡಬ್ಬದಲ್ಲಿರುತ್ತದೆ. ಒಂದರಲ್ಲಿ ಬೆಳ್ತಿಗೆ, ಅಂದರೆ ಭತ್ತ ಬೇಯಿಸದೆ ಮಾಡಿದ ಅಕ್ಕಿ. ಇನ್ನೊಂದರಲ್ಲಿ ಕುಚ್ಚಲು, ಅಂದರೆ ಭತ್ತ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ. ಬೆಳ್ತಿಗೆ ದೋಸೆಗೆ, ಪಾಯಸಕ್ಕೆ, ನೆಂಟರು ಬಂದ ದಿನದ ಊಟಕ್ಕೆ. ಕುಚ್ಚಲು ದಿನನಿತ್ಯದ ಗಂಜಿಗೆ. ಈಚೆಗೆ ಎರಡನೇ ಡಬ್ಬ ಸಣ್ಣದಾಗುತ್ತಾ ಬಂದಿದೆ. ಮಕ್ಕಳಿಗೆ ಗಂಜಿ ಸೇರುವುದಿಲ್ಲ. ಬೇಯಲು ಗ್ಯಾಸ್ ಜಾಸ್ತಿ ಬೇಕು. ಗದ್ದೆಗಳೆಲ್ಲ ಅಡಿಕೆ ತೋಟಗಳಾದ ಮೇಲೆ ಮನೆಯ ಭತ್ತವೂ ಇಲ್ಲ.

ಆದರೆ ವೈದ್ಯಕೀಯದ ಚರಿತ್ರೆಯಲ್ಲಿ ಈ ಎರಡನೇ ಡಬ್ಬದ ಅಕ್ಕಿಗೆ ದೊಡ್ಡ ಜಾಗವಿದೆ. ತಿನ್ನುವ ಆಹಾರ ಬದಲಿಸಿದರೆ ರೋಗವನ್ನೇ ತಡೆಯಬಹುದು ಎಂದು ಲೆಕ್ಕ ಹಾಕಿ ತೋರಿಸಿದ ಆರಂಭದ ಪ್ರಯೋಗಗಳಲ್ಲಿ ಒಂದು ನಡೆದದ್ದು ಕುಚ್ಚಲಕ್ಕಿಯ ಮೇಲೆ.

ರೋಗದ ಹೆಸರು ಬೆರಿಬೆರಿ. ಮೊದಲು ಕಾಲು ಜೋಮು ಹಿಡಿಯುತ್ತದೆ, ಆಮೇಲೆ ನಡೆಯಲಾಗುವುದಿಲ್ಲ. ಕೆಲವರಿಗೆ ಮೈ ಊದಿಕೊಂಡು ಹೃದಯವೇ ಸೋತುಬಿಡುತ್ತದೆ. ನೂರು ನೂರೈವತ್ತು ವರ್ಷಗಳ ಹಿಂದೆ ಪೂರ್ವ ಏಷ್ಯಾದ ಜೈಲು, ಹಡಗು, ಸೈನ್ಯದ ಶಿಬಿರಗಳಲ್ಲಿ ಇದರಿಂದ ಸತ್ತವರು ಬಹಳ. ಜಪಾನಿನ ರ್ಯೂಜೋ ಎಂಬ ಯುದ್ಧನೌಕೆ 1882ರ ಕೊನೆಗೆ ದೂರ ಪ್ರಯಾಣ ಹೊರಟಿತು. ಹಡಗಿನಲ್ಲಿದ್ದ 376 ಜನರಲ್ಲಿ 169 ಮಂದಿಗೆ ಬೆರಿಬೆರಿ ಬಂತು, 25 ಮಂದಿ ತೀರಿಕೊಂಡರು. ನೌಕಾಪಡೆಯ ವೈದ್ಯ ತಕಾಕಿ ಕಾನೆಹಿರೊ ಅವರಿಗೆ ಬಿಳಿ ಅನ್ನದ ಮೇಲೆ ಅನುಮಾನವಿತ್ತು. 1884ರಲ್ಲಿ ಇನ್ನೊಂದು ಹಡಗನ್ನು ಅದೇ ದಾರಿಯಲ್ಲಿ ಕಳಿಸಿದರು, ಊಟ ಮಾತ್ರ ಬೇರೆ: ಅನ್ನ ಕಡಿಮೆ, ಮಾಂಸ, ಹಾಲು ಜಾಸ್ತಿ. ಈ ಸಲ ಕಾಯಿಲೆ ಬಿದ್ದವರು ಕೆಲವೇ ಮಂದಿ, ಸತ್ತವರು ಯಾರೂ ಇಲ್ಲ. ಊಟದಲ್ಲಿ ಪ್ರೋಟೀನ್ ಸಾಲದೆ ಈ ರೋಗ ಬರುತ್ತದೆ ಎಂದು ತಕಾಕಿ ತಿಳಿದಿದ್ದರು. ಕಾರಣ ಅದಲ್ಲ, ಆದರೂ ಮದ್ದು ಸರಿಯಾಗಿತ್ತು.

ನಮಗೆ ಹತ್ತಿರದ ಕಥೆ ನಡೆದದ್ದು ಮಲಯದಲ್ಲಿ, ಅಂದರೆ ಈಗಿನ ಮಲೇಷ್ಯಾದಲ್ಲಿ. ಅಲ್ಲಿ ದುಡಿಯಲು ಹೋದ ತಮಿಳು ಕೂಲಿಗಳಿಗೆ ಬೆರಿಬೆರಿ ಅಷ್ಟಾಗಿ ಬರುತ್ತಿರಲಿಲ್ಲ. ಅವರ ಅಕ್ಕಪಕ್ಕದಲ್ಲೇ ಗಣಿಗಳಲ್ಲಿ ದುಡಿಯುತ್ತಿದ್ದ ಚೀನೀಯರಿಗೆ ವಿಪರೀತ ಬರುತ್ತಿತ್ತು. ಬಿಸಿಲು, ಮಳೆ, ಸೊಳ್ಳೆ ಎಲ್ಲ ಒಂದೇ. ಬೇರೆಯಾಗಿದ್ದದ್ದು ಅಕ್ಕಿ. ಚೀನೀಯರು ಉಣ್ಣುತ್ತಿದ್ದದ್ದು ಸಯಾಮಿನ (ಈಗಿನ ಥಾಯ್ಲೆಂಡ್) ಪಾಲಿಶ್ ಮಾಡಿದ ಬಿಳಿ ಅಕ್ಕಿ, ತಮಿಳರು ಊರಿನ ರೂಢಿಯಂತೆ ಕುಚ್ಚಲಕ್ಕಿ.

ಕೌಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರಿದ್ದರು. 1905ರ ಕೊನೆಗೆ ಅವರು ರೋಗಿಗಳನ್ನು ಸಾಲಾಗಿ ನಿಲ್ಲಿಸಿ ಒಂದು, ಎರಡು, ಮೂರು ಎಂದು ಎಣಿಸಿದರು. ಬೆಸ ಸಂಖ್ಯೆಯವರಿಗೆ ಸಯಾಮಿನ ಬಿಳಿ ಅಕ್ಕಿ, ಸಮ ಸಂಖ್ಯೆಯವರಿಗೆ ಭಾರತದ ಕುಚ್ಚಲಕ್ಕಿ. ಉಳಿದ ಊಟ ಇಬ್ಬರಿಗೂ ಒಂದೇ. ದೋಷ ಕಟ್ಟಡದಲ್ಲಿ ಇರಬಹುದೇ ಎಂಬ ಸಂಶಯ ಬಾರದ ಹಾಗೆ ನಡುವೆ ಎರಡು ಗುಂಪುಗಳ ವಾರ್ಡುಗಳನ್ನು ಅದಲು ಬದಲು ಮಾಡಿದರು. ಒಂದು ವರ್ಷ ಕಳೆಯುವಷ್ಟರಲ್ಲಿ ಬಿಳಿ ಅಕ್ಕಿಯ ಗುಂಪಿನಲ್ಲಿ ಹತ್ತಾರು ಮಂದಿಗೆ ಬೆರಿಬೆರಿ, 18 ಸಾವು. ಕುಚ್ಚಲಕ್ಕಿಯ ಗುಂಪಿನಲ್ಲಿ ಒಂದು ಸಾವೂ ಇಲ್ಲ. ಬೇಕು ಬೇಡ ಹೇಳಲು ಬಾರದ ರೋಗಿಗಳನ್ನು ಹೀಗೆ ಎರಡು ಪಾಲು ಮಾಡಿದ್ದು ಇವತ್ತಿನ ಕಣ್ಣಿಗೆ ಕ್ರೂರವಾಗಿ ಕಾಣುತ್ತದೆ, ಯಾವ ಸಮಿತಿಯೂ ಅದಕ್ಕೆ ಒಪ್ಪಿಗೆ ಕೊಡುವುದಿಲ್ಲ. ಆ 18 ಜೀವಗಳನ್ನು ಮರೆತು ಈ ಫಲಿತಾಂಶವನ್ನು ಹೊಗಳುವುದು ನನ್ನಿಂದಾಗದು.

ಹಾಗಾದರೆ ಕುಚ್ಚಲಕ್ಕಿಯಲ್ಲಿ ಇರುವುದೇನು? ಉತ್ತರ ಬಿಡಿಬಿಡಿಯಾಗಿ ಸಿಕ್ಕಿತು. ಜಾವಾದಲ್ಲಿ ಡಚ್ ವೈದ್ಯ ಐಕ್ಮನ್ ಆಸ್ಪತ್ರೆಯ ಬಿಳಿ ಅನ್ನ ತಿಂದ ಕೋಳಿಗಳ ಕಾಲು ಸೋಲುವುದನ್ನು, ತೌಡು ಉಳಿದ ಅಕ್ಕಿ ಹಾಕಿದರೆ ಅವು ಚೇತರಿಸುವುದನ್ನು 1890ರ ದಶಕದಲ್ಲೇ ಕಂಡಿದ್ದರು. 1929ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ತೌಡಿನಲ್ಲಿದ್ದ ಆ ವಸ್ತುವನ್ನು 1926ರಲ್ಲಿ ಜಾವಾದಲ್ಲೇ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದೇ ಥಯಮಿನ್, ಅಂದರೆ ವಿಟಮಿನ್ ಬಿ1. ಅನ್ನದ ಸಕ್ಕರೆ ಶಕ್ತಿಯಾಗಿ ಬದಲಾಗಲು ಜೀವಕೋಶಕ್ಕೆ ಇದು ಬೇಕೇ ಬೇಕು. ನರ ಮತ್ತು ಹೃದಯಕ್ಕೆ ಶಕ್ತಿಯ ಅಗತ್ಯ ಜಾಸ್ತಿ, ಹಾಗಾಗಿ ಮೊದಲ ಪೆಟ್ಟು ಅವಕ್ಕೇ. ನಮ್ಮ ಇಡೀ ದೇಹದಲ್ಲಿರುವ ದಾಸ್ತಾನು 30 ಮಿಲಿಗ್ರಾಂ ದಾಟುವುದಿಲ್ಲ. ಹೊಸದು ಬಾರದಿದ್ದರೆ ಎರಡು ಮೂರು ವಾರಗಳಲ್ಲಿ ಖಾಲಿ.

ಮನೆಯಲ್ಲಿ ಭತ್ತ ಬೇಯಿಸುವುದನ್ನು ಕಂಡವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಭತ್ತವನ್ನು ದೊಡ್ಡ ಹಂಡೆಯಲ್ಲಿ ನೆನೆಹಾಕುತ್ತಾರೆ. ಬೆಳಿಗ್ಗೆ ಒಲೆಗೆ ಕಟ್ಟಿಗೆ ಒಟ್ಟಿ ಬೇಯಿಸುತ್ತಾರೆ. ಅಂಗಳವೆಲ್ಲ ಒಂದು ಬಗೆಯ ಸಿಹಿ ಮಿಶ್ರಿತ ಹಸಿ ವಾಸನೆ. ಭತ್ತ ಬಾಯಿ ಬಿಟ್ಟಿತು ಅಂದಾಗ ಇಳಿಸಿ, ನೀರು ಬಸಿದು, ಚಾಪೆಯಲ್ಲಿ ಹರಡಿ, ಕಾಲಲ್ಲಿ ಕೆದಕುತ್ತಾ ಒಣಗಿಸುತ್ತಾರೆ. ಒಂದು ಕಾಳು ಸುಲಿದು ಹಲ್ಲಲ್ಲಿ ಕಡಿದಾಗ ಟಕ್ ಎಂದರೆ ಮಿಲ್ಲಿಗೆ ಕಳಿಸಬಹುದು.

ಈ ಹಂಡೆಯೊಳಗೆ ನಡೆಯುವ ಕೆಲಸ ದೊಡ್ಡದು. ಬಿ1 ಇರುವುದು ಹೆಚ್ಚಾಗಿ ಹೊರಗಿನ ತೌಡಿನ ಪದರದಲ್ಲಿ ಮತ್ತು ಮೊಳಕೆಯ ಮೂತಿಯಲ್ಲಿ. ಅದು ನೀರಿನಲ್ಲಿ ಕರಗುವ ವಸ್ತು. ಉಮಿಯೊಳಗೆ ನುಗ್ಗಿದ ಬಿಸಿನೀರಿನೊಂದಿಗೆ ಅದರ ಒಂದಷ್ಟು ಪಾಲು ಕಾಳಿನ ಒಳಭಾಗಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಒಳಗಿನ ಪಿಷ್ಟ ಬೆಂದು ಅಂಟಾಗಿ, ಒಣಗಿದ ಮೇಲೆ ಗಟ್ಟಿಯಾಗಿ, ವಿಟಮಿನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಮಿಲ್ಲಿನಲ್ಲಿ ತೌಡು ಹೋದರೂ ವಿಟಮಿನ್ ಪೂರ್ತಿ ಹೋಗುವುದಿಲ್ಲ. ಲೆಕ್ಕ ಬೇಕಿದ್ದರೆ: 100 ಗ್ರಾಂ ಪಾಲಿಶ್ ಬೆಳ್ತಿಗೆಯಲ್ಲಿ ಸುಮಾರು 0.05 ಮಿಲಿಗ್ರಾಂ ಬಿ1, ಕುಚ್ಚಲಕ್ಕಿಯಲ್ಲಿ ಸುಮಾರು 0.17. ಮೂರು ಪಟ್ಟು ಜಾಸ್ತಿ. ವಿಟಮಿನ್ ಎಂಬುದೊಂದಿದೆ ಎಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ನಮ್ಮ ಹೆಂಗಸರು ಇದನ್ನು ಮಾಡುತ್ತಿದ್ದರು. ಅವರ ಉದ್ದೇಶ ಬಹುಶಃ ಅಕ್ಕಿ ನುಚ್ಚಾಗಬಾರದು, ಹುಳ ಹಿಡಿಯಬಾರದು ಎಂಬುದಷ್ಟೇ ಇದ್ದೀತು. ಅದರಿಂದ ಅವರ ಕೆಲಸದ ಬೆಲೆ ಕಡಿಮೆಯಾಗುವುದಿಲ್ಲ.

ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಪ್ರಯೋಗಾಲಯದಲ್ಲಿ 1930ರ ದಶಕದಲ್ಲಿ ಏಕ್ರಾಯ್ಡ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಅಕ್ಕಿಯನ್ನು ತೊಳೆದು, ಬೇಯಿಸಿ ಅಳೆದು ನೋಡಿದರು. ಆಂಧ್ರದ ಕರಾವಳಿಯಲ್ಲಿ ಮಿಲ್ಲಿನ ಬೆಳ್ತಿಗೆ ಉಣ್ಣುವ ಕಡೆ ಬೆರಿಬೆರಿ ಬೀಡುಬಿಟ್ಟಿತ್ತು. ಕುಚ್ಚಲಕ್ಕಿ ಉಣ್ಣುವ ಊರುಗಳಲ್ಲಿ ಅದು ಇರಲಿಲ್ಲ. ಅದೇ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ತೊಳೆಯುವಾಗ ಬೆಳ್ತಿಗೆ ಕಳೆದುಕೊಳ್ಳುವಷ್ಟನ್ನು ಕುಚ್ಚಲು ಕಳೆದುಕೊಳ್ಳುವುದಿಲ್ಲ. ಆದರೆ ಬೆಂದ ಮೇಲೆ ಬಸಿದ ತೆಳಿಯಲ್ಲಿ ಎರಡರ ವಿಟಮಿನ್ನೂ ಹೋಗುತ್ತದೆ. ನಮ್ಮ ಹವ್ಯಕ ಮನೆಗಳಲ್ಲಿ ಹಿರಿಯರು “ಕೂಸೇ, ತೆಳಿ ಚೆಲ್ಲೆಡ” ಎನ್ನುವುದು ಸುಮ್ನೆ ಅಲ್ಲ. ಗಂಜಿಯಾಗಿ ಉಂಡರೆ ಆ ನೀರು ಬಟ್ಟಲಲ್ಲೇ ಇರುತ್ತದೆ. ಅನ್ನ ಬಸಿದರೆ ಅದು ದನದ ಬಾಣಲೆಗೆ ಹೋಗುತ್ತದೆ. ದನಕ್ಕೆ ಒಳ್ಳೆಯದೇ, ಆದರೆ ಉಪ್ಪು ಹಾಕಿ ಒಂದು ಲೋಟ ನಾವೂ ಕುಡಿಯಬಹುದಲ್ವಾ?

ಎಲ್ಲ ನೀರನ್ನೂ ಉಳಿಸಬೇಕೆಂದೇನೂ ಇಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಕಣಿಲೆ (ಎಳೆ ಬಿದಿರು) ತಂದರೆ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಬಿಟ್ಟೇ ಪದಾರ್ಥ ಮಾಡುತ್ತಾರೆ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ವಸ್ತುವಿದೆ. ಅದೂ ನೀರಲ್ಲಿ ಕರಗುತ್ತದೆ, ಬೇಯಿಸಿದರೆ ಒಡೆದು ಹೋಗುತ್ತದೆ. ಆ ನೀರು ಚೆಲ್ಲಲೇಬೇಕು. ಅಕ್ಕಿಯ ತೆಳಿ ಇಟ್ಟುಕೊಂಡು ಕಣಿಲೆಯ ನೀರು ಚೆಲ್ಲುವ ಅಡುಗೆಮನೆಗೆ ಆಹಾರದ ಬಗ್ಗೆ ಬಹಳಷ್ಟು ಗೊತ್ತು. “ಸೂಪರ್ ಫುಡ್” ಪಟ್ಟಿ ಓದಿ ಇದು ಕಲಿಯಲು ಆಗುವುದಿಲ್ಲ.

ಈಗ ಕಹಿ ಮಾತು. ಕುಚ್ಚಲಕ್ಕಿ ಉಂಡರೆ ಸಕ್ಕರೆ ಕಾಯಿಲೆ ಬರುವುದಿಲ್ಲ, ಬಂದದ್ದೂ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಇದು ಸರಿಯಲ್ಲ. ಪಾಲಿಶ್ ಬೆಳ್ತಿಗೆಗಿಂತ ಕುಚ್ಚಲಕ್ಕಿ ರಕ್ತದ ಸಕ್ಕರೆಯನ್ನು ಸಾಮಾನ್ಯವಾಗಿ ಸ್ವಲ್ಪ ನಿಧಾನ ಏರಿಸುತ್ತದೆ, ಅಷ್ಟೇ. ಅದೂ ಅಕ್ಕಿಯೇ. ಗದ್ದೆ ಉಳುತ್ತಿದ್ದವರ ತಟ್ಟೆಯಷ್ಟು ಅನ್ನವನ್ನು ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವರು ಉಂಡರೆ ಯಾವ ಅಕ್ಕಿಯೂ ಕಾಪಾಡದು. ಅನ್ನದ ರಾಶಿ ತಗ್ಗಿಸಿ ಪಕ್ಕದಲ್ಲಿ ಹುರುಳಿಯೋ ಹೆಸರುಕಾಳೋ ಬಡಿಸಿಕೊಂಡರೆ ಕೆಲಸವಾಗುತ್ತದೆ. ಗಂಜಿಗೆ ಹೆಸರುಕಾಳಿನ ಪಲ್ಯ ನಮ್ಮಲ್ಲಿ ಮೊದಲಿಂದಲೂ ಇದೆ. ಅಕ್ಕಿಯ ಪ್ರೋಟೀನಿನಲ್ಲಿ ದೇಹಕ್ಕೆ ಬೇಕಾದ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ.

ರಕ್ತಹೀನತೆಯ ವಿಚಾರ ಇನ್ನೂ ಗಂಭೀರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಕೇರಳದಲ್ಲಿ ಶೇ. 36, ಗಡಿಯಾಚೆ ಕರ್ನಾಟಕದಲ್ಲಿ ಶೇ. 48ರ ಹತ್ತಿರ. ಆರೋಗ್ಯದಲ್ಲಿ ಮುಂದಿದೆ ಎನ್ನುವ ಕೇರಳದಲ್ಲೇ ಮೂವರಲ್ಲಿ ಒಬ್ಬರು! ಹರಿವೆ, ಬಸಳೆ, ನುಗ್ಗೆ ಸೊಪ್ಪು ಹಿತ್ತಿಲಲ್ಲೇ ಇದ್ದರೂ ಸೊಪ್ಪಿನ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಅದನ್ನು ಒಳಗೆ ಬಿಡಿಸಲು ವಿಟಮಿನ್ ಸಿ ಸಹಾಯ ಮಾಡುತ್ತದೆ. ಊಟದ ಜೊತೆ ಒಂದು ನೆಲ್ಲಿಕಾಯಿ, ಲಿಂಬೆ ಹಿಂಡಿದ ಪಲ್ಯ, ಊಟವಾದ ಮೇಲೆ ಒಂದು ಪೇರಳೆ, ಯಾವುದಾದರೂ ಸಾಕು. ಅಡ್ಡ ಬರುವುದು ಚಾ. ಉಂಡು ಕೈ ತೊಳೆದ ಕೂಡಲೇ ಚಾ ಕುಡಿದರೆ ಅದರ ಒಗರು ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಒಂದು ಗಂಟೆ ತಡೆದು ಕುಡಿಯಿರಿ. ವೈದ್ಯರು ಕಬ್ಬಿಣದ ಮಾತ್ರೆ ಬರೆದಿದ್ದರೆ ಅದನ್ನು ನಿಲ್ಲಿಸಿ ಸೊಪ್ಪು ತಿನ್ನುತ್ತೇನೆ ಅನ್ನಬೇಡಿ. ಎರಡೂ ಬೇಕು.

ಇಷ್ಟು ಗುಣ ಇರುವ ವಸ್ತುವನ್ನು ಮಾತ್ರೆ ಮಾಡಿ ನುಂಗಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರು ಫಿನ್ಲೆಂಡಿನ ಕಥೆ ಕೇಳಬೇಕು. ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಾಣುತ್ತಿತ್ತು. ಕ್ಯಾರೆಟ್, ಪಪ್ಪಾಯಿಯಲ್ಲಿರುವ ಬೀಟಾ ಕ್ಯಾರೋಟಿನ್ ಇದಕ್ಕೆ ಕಾರಣವಿರಬಹುದು ಎಂದು 29,133 ಧೂಮಪಾನಿ ಗಂಡಸರ ಮೇಲೆ ಪರೀಕ್ಷೆ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ವಿಟಮಿನ್ ಡಿ ಮತ್ತು ಮೀನೆಣ್ಣೆಯ ಮಾತ್ರೆಗಳು ಕ್ಯಾನ್ಸರನ್ನೂ ತಡೆಯಲಿಲ್ಲ, ಒಟ್ಟಾರೆ ಹೃದಯಾಘಾತ ಮತ್ತು ಪಾರ್ಶ್ವವಾಯುವನ್ನೂ ಗಮನಾರ್ಹವಾಗಿ ಇಳಿಸಲಿಲ್ಲ. ಬೂತಾಯಿ ಮೀನು ತಿನ್ನುವವರು ತಿನ್ನಲಿ, ಅದು ಒಳ್ಳೆಯ ಆಹಾರ. ಆದರೆ ಅದರ ಹೆಸರಲ್ಲಿ ತಿಂಗಳಿಗೆ ಸಾವಿರ ರೂಪಾಯಿಯ ಬಾಟಲಿ ಕೊಳ್ಳುವ ಮೊದಲು ಎರಡು ಸಲ ಯೋಚಿಸಿ.

ಮಾತ್ರೆಯೇ ಸರಿ ಎನ್ನುವ ಜಾಗವೂ ಇದೆ, ಅದು ಫೋಲಿಕ್ ಆಸಿಡ್ ಎಂಬ ಬಿ ವಿಟಮಿನ್. ಇದರ ಜಾಡು ಹಿಡಿದವರು ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್. 1928ರಿಂದ ಮುಂಬೈಯ ಬಡ ಗರ್ಭಿಣಿಯರ ರಕ್ತಹೀನತೆಯ ಬೆನ್ನು ಹತ್ತಿದ ಅವರು, ಯೀಸ್ಟ್ ಸಾರ ಕೊಟ್ಟರೆ ಅದು ವಾಸಿಯಾಗುವುದನ್ನು ಕಂಡರು. ಆ ಸಾರದಲ್ಲಿದ್ದ ಈ ವಿಟಮಿನ್ ಹಸಿರು ಸೊಪ್ಪಿನಲ್ಲೂ ಇದೆ. ಆದರೆ ಬೆಂಕಿ ಮತ್ತು ನೀರಿಗೆ ಬೇಗ ಸೋಲುತ್ತದೆ. ಒಂದೆಲಗವನ್ನು ಹಸಿಯಾಗಿಯೇ ಕಡೆದು ಮಜ್ಜಿಗೆ ಸೇರಿಸುವ ತಂಬುಳಿಯಲ್ಲಿ ಅದು ಚೆನ್ನಾಗಿ ಉಳಿದೀತು. ಆದರೆ ಗರ್ಭಿಣಿಗೆ ಅಷ್ಟು ಸಾಲದು. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗುವ ಕೊಳವೆ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಎಷ್ಟೋ ಮಂದಿಗೆ ತಾವು ಗರ್ಭಿಣಿ ಎಂದು ಆಗ ಗೊತ್ತೇ ಇರುವುದಿಲ್ಲ. ಮೊದಲೊಂದು ಮಗುವಿಗೆ ಈ ಕೊಳವೆ ಮುಚ್ಚದ ದೋಷ ಬಂದಿದ್ದ ತಾಯಂದಿರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಫೋಲಿಕ್ ಆಸಿಡ್ ಮಾತ್ರೆ ಅದು ಮರುಕಳಿಸುವುದನ್ನು ಶೇ. 72ರಷ್ಟು ಕಡಿಮೆ ಮಾಡಿತು. ಹಾಗಾಗಿ ಮಗು ಬೇಕೆಂದು ನಿರ್ಧರಿಸಿದ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಶುರು ಮಾಡಬೇಕು. ಹಿಂದೆ ತೊಂದರೆಯಾದವರಿಗೆ ಪ್ರಮಾಣ ಇದಕ್ಕಿಂತ ಜಾಸ್ತಿ, ಅದನ್ನು ವೈದ್ಯರೇ ಹೇಳಬೇಕು. ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೋ ಮದುವೆಯಾದ ಹೊಸತರಲ್ಲೇ ವಿಚಾರಿಸಿ.