ಎಂಆರ್‌ಐ ರಿಪೋರ್ಟಿನಲ್ಲಿ ಮತ್ತೆ ಓಡುವ ತಾರೀಖು ಇರುವುದಿಲ್ಲ

ಪ್ರಶ್ನೆ: ಸರ್, ಪೊಲೀಸ್ ಫಿಸಿಕಲ್‌ಗೆ 1600 ಮೀಟರ್ ಪ್ರಾಕ್ಟೀಸ್ ಮಾಡುವಾಗ ತೊಡೆ ಹಿಂದೆ ಚಟಕ್ಕನೆ ಹಿಡಿಯಿತು. ಎಂಆರ್‌ಐ ಮಾಡಿಸಿದರೆ ಎಷ್ಟು ದಿನಕ್ಕೆ ಓಡಬಹುದು ಅಂತ ಗೊತ್ತಾಗುತ್ತಾ? (ಓದುಗರು, ಕಲಬುರಗಿ)

ಗೊತ್ತಾಗಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡುವ ಹುಡುಗರು ಫಿಲ್ಮ್ ಹಿಡಿದುಕೊಂಡೇ ಬರುತ್ತಾರೆ. ಮನೆಯವರು ಸಾಲ ಮಾಡಿ ಸ್ಕ್ಯಾನ್ ಮಾಡಿಸಿರುತ್ತಾರೆ. ಅದಕ್ಕೇ ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ.

ಸ್ನಾಯು ಹರಿದ ಕಡೆ ನೀರು ತುಂಬುತ್ತದೆ. ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವುದು ಮುಖ್ಯವಾಗಿ ಅದೇ. ಪೆಟ್ಟು ಎಲ್ಲಿ, ಎಷ್ಟು ಉದ್ದ ಅಂತ ತಿಳಿಯುತ್ತದೆ. ಆದರೆ ಕತಾರ್‌ನಲ್ಲಿ ತೊಡೆ ಹಿಂದಿನ ಸ್ನಾಯುವಿಗೆ ಪೆಟ್ಟಾದ 180 ಆಟಗಾರರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಒಬ್ಬೊಬ್ಬರು ಒಂದೊಂದು ಅವಧಿಯಲ್ಲಿ ಮೈದಾನಕ್ಕೆ ಮರಳಿದರು. ಆ ವ್ಯತ್ಯಾಸದಲ್ಲಿ ಶೇ 29ರಷ್ಟನ್ನು ಆಟಗಾರನನ್ನು ಕೇಳಿ ತಿಳಿದದ್ದು ಮತ್ತು ಕೈಯಿಂದ ಮಾಡಿದ ಪರೀಕ್ಷೆಯೇ ವಿವರಿಸಿತು. ಎಂಆರ್‌ಐ ಸೇರಿಸಿದಾಗ ಅದು ಶೇ 31.8 ಆಯಿತು, ಅಷ್ಟೇ! ಉಳಿದದ್ದು ಎರಡರಿಂದಲೂ ಸಿಗಲಿಲ್ಲ.

'ಸ್ಕ್ಯಾನ್ ಪೂರ್ತಿ ಕ್ಲೀನ್ ಆಗೋವರೆಗೂ ಓಡಬಾರದು' ಅನ್ನುವುದೂ ಇದೇ ನಂಬಿಕೆಯ ಇನ್ನೊಂದು ಮುಖ. ಪೂರ್ತಿ ಗುಣವಾಗಿ ಆಟಕ್ಕೆ ಮರಳಲು ಸಿದ್ಧರಾಗಿದ್ದ 53 ಆಟಗಾರರಿಗೆ ಎಂಆರ್‌ಐ ಮಾಡಿದರೆ, ಶೇ 89 ಮಂದಿಯಲ್ಲಿ ಆ ಬಿಳಿ ಗುರುತು ಇನ್ನೂ ಇತ್ತು. ಅವರೆಲ್ಲ ಸುಮ್ನೆ ಕೂರಬೇಕಿತ್ತಾ?

ಹಾಗಂತ ಸ್ಕ್ಯಾನ್ ದಂಡ ಅಲ್ಲ. ಸ್ನಾಯುವಿನ ಒಳಗೆ ಹಾದುಹೋಗುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಪಟ್ಟಿ) ಹರಿದಿದ್ದರೆ ಜಾಸ್ತಿ ದಿನ ಬೇಕು. ಸ್ನಾಯು ಪೆಟ್ಟುಗಳ 2014ರ ಬ್ರಿಟಿಷ್ ಅಥ್ಲೆಟಿಕ್ಸ್ ವರ್ಗೀಕರಣ ಅದನ್ನು 'ಸಿ' ಅಂತ ಬೇರೆಯೇ ಗುರುತಿಸುತ್ತದೆ. ಪೃಷ್ಠದ ಕೆಳಗೆ ಟಪ್ ಅಂತ ಸದ್ದಾಗಿ, ತೊಡೆಯೆಲ್ಲ ನೀಲಿಗಟ್ಟಿ, ಕಾಲೂರಲು ಆಗದಿದ್ದರೆ ಕಾಯಬೇಡಿ. ಟೆಂಡನ್ ಮೂಳೆಯಿಂದಲೇ ಕಿತ್ತಿರಬಹುದು. ಬೇಗ ಮೂಳೆ ಡಾಕ್ಟರಿಗೆ ತೋರಿಸಿ.

ನಿಮ್ಮ ವಿಷಯದಲ್ಲಿ ಒಳ್ಳೆಯ ಫಿಸಿಯೋ ಮೊದಲು ಏನು ಮಾಡುತ್ತಾರೆ? ಬೋರಲು ಮಲಗಿಸುತ್ತಾರೆ. ಬೆರಳಿನಿಂದ ಒತ್ತುತ್ತಾ ನೋವು ಶುರುವಾಗುವ ಜಾಗ, ಮುಗಿಯುವ ಜಾಗ ಗುರುತು ಮಾಡಿ ಟೇಪ್ ಹಿಡಿದು ಅಳೆಯುತ್ತಾರೆ. ಮಂಡಿ ಮಡಚಲು ಹೇಳಿ, ಹಿಮ್ಮಡಿಗೆ ಕೈ ಕೊಟ್ಟು ತಡೆದು ಬಲ ನೋಡುತ್ತಾರೆ. ಕೆಲವು ದಿನ ಬಿಟ್ಟು ಮತ್ತೆ ಅದನ್ನೇ ಮಾಡುತ್ತಾರೆ. ಯಾವಾಗ ಓಡಬಹುದು ಅನ್ನುವುದಕ್ಕೆ ಆ ಬದಲಾವಣೆಯೇ ದಾರಿ ತೋರಿಸುತ್ತದೆ.

ಯಾರೂ ಕೇಳದ ಪ್ರಶ್ನೆಯೊಂದಿದೆ: ಇದು ಆಗದಂತೆ ತಡೆಯಬಹುದಾ? ನನ್ನನ್ನು ಜಾಸ್ತಿ ಕೇಳಬೇಕಾದದ್ದು ಇದೇ. ಮಂಡಿಯೂರಿ ನೆಟ್ಟಗೆ ನಿಂತು, ಜೊತೆಗಾರನಿಗೆ ಎರಡೂ ಹಿಮ್ಮಡಿ ಗಟ್ಟಿಯಾಗಿ ಹಿಡಿಯಲು ಹೇಳಿ, ಸೊಂಟ ಬಾಗಿಸದೆ ನಿಧಾನವಾಗಿ ಮುಂದಕ್ಕೆ ವಾಲುವುದು. ಇದಕ್ಕೆ ನಾರ್ಡಿಕ್ ಅಂತಾರೆ. ಇದನ್ನು ತಪ್ಪದೆ ಮಾಡಿದ ತಂಡಗಳಲ್ಲಿ ಈ ಪೆಟ್ಟು ಸುಮಾರು ಅರ್ಧಕ್ಕೆ ಇಳಿದಿದೆ. ಒಂದು ರೂಪಾಯಿ ಖರ್ಚಿಲ್ಲ. ನೋವು ಇರುವಾಗ ಮಾತ್ರ ಬೇಡ. ಫಿಸಿಯೋ ಸರಿ ಅಂದ ಮೇಲೆ, ವಾರಕ್ಕೆ ಎರಡು ದಿನ, ಸ್ವಲ್ಪದರಿಂದ ಶುರು ಮಾಡಿ.