ಬಲೂನು ಕಟ್ಟಿದ ಜಾಡಿ ಅಳೆಯುವುದೇನನ್ನು?

ಮುಂಬಯಿಯ ಕನ್ನಡ ಶಾಲೆಗಳ ವಿಜ್ಞಾನ ಪ್ರದರ್ಶನಕ್ಕೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹುಡುಕುವುದು ಆ ಜಾಡಿಯನ್ನು. ಉಪ್ಪಿನಕಾಯಿಯ ಖಾಲಿ ಗಾಜಿನ ಜಾಡಿ, ಬಾಯಿಗೆ ಬಿಗಿದ ಬಲೂನಿನ ತುಂಡು, ಅದರ ನಡುವಿಗೆ ಅಂಟಿಸಿದ ಸ್ಟ್ರಾ, ಹಿಂದೆ ರಟ್ಟಿನ ಅಳತೆಪಟ್ಟಿ. ಪಟ್ಟಿಯ ಮೇಲ್ತುದಿಯಲ್ಲಿ ನಗುವ ಸೂರ್ಯ, ಕೆಳಗೆ ಕೊಡೆ. ಈ ವರ್ಷವೂ ಇತ್ತು. ‘ಮನೆಯಲ್ಲೇ ತಯಾರಿಸಿದ ವಾಯುಭಾರಮಾಪಕ’ ಎಂದು ಬರೆದು ಏಳನೆಯ ತರಗತಿಯ ಹುಡುಗಿಯೊಬ್ಬಳು ನಿಂತಿದ್ದಳು. “ಜಾಡಿಯನ್ನು ಎರಡೂ ಅಂಗೈಗಳಿಂದ ಹಿಡಿದುಕೊಳ್ಳಮ್ಮ” ಎಂದೆ. ಸ್ವಲ್ಪ ಹೊತ್ತಿಗೆ ಸ್ಟ್ರಾದ ತುದಿ ಕೊಡೆಯತ್ತ ಇಳಿಯಿತು.

“ಸರ್, ಮಳೆ ಬರುತ್ತದೆಯೇ?”

ಬರುವುದಿಲ್ಲ. ಅವಳ ಕೈ ಬೆಚ್ಚಗಿತ್ತು, ಅಷ್ಟೇ.

ಬಲೂನಿನ ಪೊರೆಯನ್ನು ತಕ್ಕಡಿಯ ದಂಡಿಗೆ ಎಂದುಕೊಳ್ಳಿ. ಒಂದು ತಟ್ಟೆಯಲ್ಲಿ ಹೊರಗಿನ ಗಾಳಿ, ಇನ್ನೊಂದರಲ್ಲಿ ಜಾಡಿಯೊಳಗೆ ಸೆರೆಯಾದ ಗಾಳಿ. ಒಳಗಿನದರ ಕೈ ಮೇಲಾದರೆ ಪೊರೆ ಉಬ್ಬಿ, ಜಾಡಿಯ ಅಂಚಿನ ಮೇಲೆ ಒರಗಿದ ಸ್ಟ್ರಾದ ಹೊರತುದಿ ಇಳಿಯುತ್ತದೆ. ಒಳಗಿನದು ತೂಕದ ಕಲ್ಲು, ಅದು ಬದಲಾಗಬಾರದು. ಆದರೆ ಈ ಕಲ್ಲು ಬಿಸಿಲಿಗೆ ಭಾರವಾಗುತ್ತದೆ, ನೆರಳಿಗೆ ಹಗುರಾಗುತ್ತದೆ! ಬಿಗಿಯಾಗಿ ಗಾಳಿ ತುಂಬಿಸಿದ ಸೈಕಲ್ಲನ್ನು ಬಿಸಿಲಿನಲ್ಲಿ ನಿಲ್ಲಿಸಿ ಟಯರ್ ಒತ್ತಿ ನೋಡಿದವರಿಗೆ ಇದು ಗೊತ್ತು. ಲೆಕ್ಕವೂ ಸುಲಭ. ಕೋಣೆಯ ತಾಪದಲ್ಲಿ ಮುಚ್ಚಿಟ್ಟ ಗಾಳಿ 1 ಡಿಗ್ರಿ ಬಿಸಿಯಾದರೆ ಅದರ ಒತ್ತಡ ಸುಮಾರು 300ರಲ್ಲಿ ಒಂದು ಪಾಲು ಏರುತ್ತದೆ, ಅಂದರೆ 3 ಮಿಲಿಬಾರಿಗಿಂತ ತುಸು ಹೆಚ್ಚು (ಮಿಲಿಬಾರ್ ಎಂದರೆ ವಾಯುಭಾರದ ಮಾನ, ಸಾಧಾರಣ ವಾಯುಭಾರ ಸುಮಾರು ಸಾವಿರ ಮಿಲಿಬಾರ್). ಮುಂಬಯಿಯಲ್ಲಿ ಸಾಮಾನ್ಯ ದಿನವೊಂದರ ವಾಯುಭಾರದ ಏರಿಳಿತವೇ ಮೂರು-ನಾಲ್ಕು ಮಿಲಿಬಾರ್. ಅಲ್ಲಿಗೆ, ಫ್ಯಾನ್ ಹಾಕಿದ್ದು, ಕಿಟಕಿ ತೆರೆದದ್ದು, ಮೂವತ್ತು ಮಕ್ಕಳು ಒಳಗೆ ಬಂದದ್ದು ಎಲ್ಲವೂ ಈ ಜಾಡಿಗೆ ‘ಹವಾಮಾನ’.

ಇನ್ನೂ ಒಂದು ಮೋಸವಿದೆ. ವಾಯುಭಾರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ: ಬೆಳಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರು, ನಸುಕಿನ ಮತ್ತು ಸಂಜೆಯ ನಾಲ್ಕರ ಸುಮಾರಿಗೆ ಇಳಿತ. ಸಮುದ್ರದ ಉಬ್ಬರವಿಳಿತ ಮುಖ್ಯವಾಗಿ ಚಂದ್ರನ ಕೆಲಸ, ಇದು ಮುಖ್ಯವಾಗಿ ಸೂರ್ಯನ ಶಾಖದ್ದು. ಸಂಜೆ ನಾಲ್ಕಕ್ಕೆ ಕೋಣೆಯೂ ಕಾದಿರುತ್ತದೆ, ವಾಯುಭಾರವೂ ಇಳಿದಿರುತ್ತದೆ, ಎರಡೂ ಸ್ಟ್ರಾವನ್ನು ಕೆಳಕ್ಕೇ ಎಳೆಯುತ್ತವೆ. ಉತ್ತರ ಸರಿಯಾಗಿ ಕಾಣುತ್ತದೆ, ಬಹುಮಾನವೂ ಬರುತ್ತದೆ.

ಈ ಗೊಂದಲ ಹಳೆಯದು. ಗೆಲಿಲಿಯೋ ಕಾಲದ ಗಾಳಿಯ ತಾಪದರ್ಶಕಗಳೂ ಬಿಸಿಗೆ ಒಮ್ಮೆ, ವಾಯುಭಾರಕ್ಕೆ ಒಮ್ಮೆ ತಲೆದೂಗುತ್ತಿದ್ದವು. 1844ರಲ್ಲಿ ಫ್ರಾನ್ಸಿನ ಲೂಸಿಯನ್ ವಿಡಿ ರೂಪಿಸಿದ ದ್ರವವಿಲ್ಲದ ವಾಯುಭಾರಮಾಪಕದಲ್ಲೂ ಡಬ್ಬಿಯಿದೆ, ಬಾಗುವ ಮುಚ್ಚಳವಿದೆ, ಮುಳ್ಳಿದೆ. ಆದರೆ ಡಬ್ಬಿಯ ಗಾಳಿಯನ್ನು ಹೆಚ್ಚುಕಡಿಮೆ ಪೂರ್ತಿ ಹೀರಿ ತೆಗೆಯಲಾಗಿದೆ. ಹಿಗ್ಗಲು ಒಳಗೆ ಏನೂ ಇಲ್ಲ! ನಮ್ಮ ಪಾಠಗಳು ಡಬ್ಬಿಯನ್ನು ಉಳಿಸಿಕೊಂಡು ಈ ಜಾಣತನವನ್ನೇ ಬಿಟ್ಟಿವೆ.

ಆ ಸೂರ್ಯ ಮತ್ತು ಕೊಡೆಯ ಚಿತ್ರಗಳೂ ಎರವಲು. ವಾಯುಭಾರ ಇಳಿದರೆ ಮಳೆ ಎಂಬುದು ಯುರೋಪಿನ ಬಿರುಗಾಳಿಗಳ ನಡುವೆ ಹುಟ್ಟಿದ ನಂಬಿಕೆ. ಮುಂಬಯಿಯ ಸಂಜೆ ನಾಲ್ಕಕ್ಕೆ ಅದನ್ನು ಹಚ್ಚಿದರೆ ಜನವರಿಯಲ್ಲೂ ದಿನಾಲೂ ಕೊಡೆ ಹಿಡಿಯಬೇಕು. ಪಂಚಾಂಗದ ಮಳೆ ನಕ್ಷತ್ರಗಳನ್ನು ಕಂಡು ನಗುವ ಮೇಷ್ಟರುಗಳು ಈ ಕೊಡೆಯನ್ನು ಕಂಡು ಯಾಕೆ ನಗುವುದಿಲ್ಲವೋ.

ಪಕ್ಕದ ಮೇಜಿನಲ್ಲಿದ್ದ ಮಳೆಮಾಪಕ ಮಾತ್ರ ಅಪ್ಪಟ ಉಪಕರಣ. ನೇರ ಗೋಡೆಯ ಡಬ್ಬ, ಒಂದು ಅಳತೆಪಟ್ಟಿ, ಮುಗಿಯಿತು. ಅದನ್ನು ಆಟಿಕೆ ಎನ್ನುವವರಿಗೆ 2005ರ ಜುಲೈ 26 ನೆನಪಿರಲಿ: ಒಂದೇ ದಿನದಲ್ಲಿ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ, 1826ರಲ್ಲಿ ಸ್ಥಾಪನೆಯಾದ ವೀಕ್ಷಣಾಲಯವಿರುವ ಕೊಲಾಬಾದಲ್ಲಿ ಕೇವಲ 73. ನಡುವಿನ ಬಡಾವಣೆಗಳಲ್ಲಿ ಅಂದು ಒಂದೊಂದು ಶಾಲೆಯ ಡಬ್ಬವಿದ್ದಿದ್ದರೆ! (ಡಬ್ಬ ಒಂದು ಮೀಟರ್ ಎತ್ತರವಿರಬೇಕಿತ್ತು, ನಿಜ.)

ಹುಡುಗಿಯ ಮುಖ ಬಾಡಿತ್ತು. ಜಾಡಿ ತೇಲದಂತೆ ಒಳಗೆ ಕಲ್ಲು ತುಂಬಿ, ಕತ್ತಿನವರೆಗೆ ಬಕೆಟ್ ನೀರಿನಲ್ಲಿ ನಿಲ್ಲಿಸಲು ಹೇಳಿದೆ. ನೀರು ಬೇಗ ಬಿಸಿಯಾಗುವುದೂ ಇಲ್ಲ, ತಣಿಯುವುದೂ ಇಲ್ಲ. ಎತ್ತರಕ್ಕೆ ಹೋದಂತೆ ವಾಯುಭಾರ ತಗ್ಗುತ್ತದೆಯೇ ಎಂದು ನೋಡಲು 1648ರಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಸ್ಕಲ್‌ನ ಭಾವ ಪೆರಿಯೇ ಪಾದರಸದ ನಳಿಗೆ ಹೊತ್ತು ಅಲ್ಲಿನ ಪ್ಯುಯಿ ದ ದೋಮ್ ಬೆಟ್ಟ ಹತ್ತಿದ್ದ. ಸುಮಾರು ಎಂಟೂವರೆ ಮೀಟರ್ ಏರಿದರೆ ವಾಯುಭಾರ ಒಂದು ಮಿಲಿಬಾರ್ ತಗ್ಗುತ್ತದೆ. ಅವಳ ಮನೆ ಇಪ್ಪತ್ತನೆಯ ಮಹಡಿಯಲ್ಲಿದೆಯಂತೆ. ಏಳು ಮಿಲಿಬಾರ್ ಆದರೂ ಸಿಕ್ಕೀತು. ಬೆಟ್ಟ ಬೇಕಿಲ್ಲ, ಲಿಫ್ಟ್ ಇದೆ.

“ಬಕೆಟ್ ಹಿಡಿದು ಲಿಫ್ಟ್ ಹತ್ತಲು ವಾಚ್‌ಮನ್ ಬಿಡುವುದಿಲ್ಲ ಸರ್” ಎಂದಳು.