ಕತ್ತರಿಸಿದಷ್ಟೂ ಬೆಳಗುತ್ತಿದ್ದ ಸೀರಿಯಲ್ ಸೆಟ್

ಲಿಂಗರಾಜಪುರದ ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ಒಂದೇ ಸೀರಿಯಲ್ ಸೆಟ್. ಗಣೇಶನ ಮಂಟಪಕ್ಕೂ ಅದೇ, ದೀಪಾವಳಿಗೂ ಅದೇ. ಡಿಸೆಂಬರ್ ಬಂತೆಂದರೆ ಕೆಳಗಿನ ಮನೆಯ ಆಂಟಿ "ಸೆಟ್ ಇದೆಯಾ, ಕೊಡ್ತೀರಾ?" ಅಂತ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರ ಕ್ರಿಸ್‌ಮಸ್ ಮರ ಅಂದರೆ ಬಕೆಟ್ಟಿಗೆ ಮರಳು ತುಂಬಿ ನೆಟ್ಟ ಸರ್ವೆ ಕೊಂಬೆ. ಅದರ ಬುಡದಲ್ಲಿ ಗೋದಲಿ. ಕೊಂಬೆಗೆ ಸೆಟ್ ಸುತ್ತುವ ಕೆಲಸ ನಮ್ಮ ಅಪ್ಪನದು. ಸುತ್ತಿ ಮುಗಿಸಿ ಸ್ವಿಚ್ ಹಾಕಿದರೆ ಉರಿಯುತ್ತಿರಲಿಲ್ಲ. ಮೊದಲ ಸಲಕ್ಕೇ ಉರಿದ ವರ್ಷ ಒಂದೂ ನನಗೆ ನೆನಪಿಲ್ಲ.

ಯಾಕೆ ಅನ್ನುವುದು ಹೆಸರಿನಲ್ಲೇ ಇದೆ. ಸೀರಿಯಲ್ ಅಂದರೆ ಸಾಲು. ಒಂದು ಬಲ್ಬಿನೊಳಗೆ ಹೊಕ್ಕ ಕರೆಂಟ್ ಹೊರಬಂದು ಮುಂದಿನದರೊಳಗೆ ಹೋಗಬೇಕು, ಅಲ್ಲಿಂದ ಅದರ ಮುಂದಿನದಕ್ಕೆ. ದಾರಿ ಒಂದೇ. ನಡುವೆ ಒಬ್ಬ ಬಾಗಿಲು ಹಾಕಿಕೊಂಡರೆ ಎಲ್ಲರಿಗೂ ಕತ್ತಲೆ. ಹಜಾರದ ಬಲ್ಬ್ ಹೋದರೆ ಅಡುಗೆಮನೆಯದು ಉರಿಯುತ್ತದಲ್ವಾ? ಅಲ್ಲಿ ಪ್ರತಿ ಬಲ್ಬಿಗೂ ಬೇರೆ ದಾರಿ ಇದೆ.

ಹಾಗಾದರೆ ಸೆಟ್ಟನ್ನೂ ಹಾಗೇ ಮಾಡಬಹುದಿತ್ತಲ್ಲ? ಮನೆಗೆ ಬರುವುದು 230 ವೋಲ್ಟ್. ಅಕ್ಕಿಕಾಳಿಗಿಂತ ಒಂಚೂರು ದೊಡ್ಡದಾದ ಆ ಬಲ್ಬಿಗೆ ಅಷ್ಟನ್ನೂ ಕೊಟ್ಟರೆ ಫಟ್ ಅಂತ ಹೋಗುತ್ತದೆ. 40 ಬಲ್ಬುಗಳನ್ನು ಸಾಲಾಗಿ ಪೋಣಿಸಿದರೆ ತಲಾ ಹೆಚ್ಚುಕಡಿಮೆ 6 ವೋಲ್ಟ್ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಬೇಡ, ಖರ್ಚು ಕಮ್ಮಿ.

ಅಪ್ಪ ಕೆಟ್ಟ ಬಲ್ಬ್ ಹುಡುಕುತ್ತಿದ್ದ ರೀತಿ ಆಗ ನನಗೆ ಮಂತ್ರದ ಹಾಗೆ ಕಾಣುತ್ತಿತ್ತು. ಬಲ್ಬಿನ ಬುಡದ ಪ್ಲಾಸ್ಟಿಕ್ ಸರಿಸಿ, ಬೆಸುಗೆ ಹಾಕಿದ ಜಾಗಕ್ಕೆ ಟೆಸ್ಟರ್ ಮುಟ್ಟಿಸುವುದು. ಒಂದನೆಯದರಲ್ಲಿ ಟೆಸ್ಟರ್ ಹೊಳೆಯಿತು. ಹನ್ನೆರಡರಲ್ಲೂ ಹೊಳೆಯಿತು. ಹತ್ತೊಂಬತ್ತನೆಯದರ ಈಚೆ ಕಾಲಿನಲ್ಲಿ ಹೊಳೆಯಿತು, ಆಚೆ ಕಾಲಿನಲ್ಲಿ ಇಲ್ಲ. "ಸಿಕ್ಕಿದ ಕಳ್ಳ!" ವೋಲ್ಟೇಜ್ ಬಲ್ಬುಗಳ ನಡುವೆ ಹಂಚಿಹೋಗುವುದು ಕರೆಂಟ್ ಹರಿಯುವಾಗ ಮಾತ್ರ. ಹರಿವು ನಿಂತರೆ, ಫೇಸ್, ಅಂದರೆ ಕರೆಂಟ್ ಬರುವ ತಂತಿಯ ಕಡೆಯಿಂದ ತುಂಡಾದ ಜಾಗದವರೆಗೆ ಇಡೀ 230 ವೋಲ್ಟ್ ಹಾಗೇ ನಿಂತಿರುತ್ತದೆ. ಉರಿಯದ ಸೆಟ್ ಶಾಕ್ ಹೊಡೆಯುವುದಿಲ್ಲ ಅಂತ ನಂಬಿ ಕೈ ಹಾಕುವವರು ಇದನ್ನೊಮ್ಮೆ ನೆನೆಸಿಕೊಳ್ಳಬೇಕು. ಅಪ್ಪ ಮಾಡಿದರು ಅಂತ ನೀವು ಮಾಡಬೇಡಿ, ಪ್ಲಗ್ ಕಿತ್ತು ಹುಡುಕಿ.

ಕಳ್ಳ ಸಿಕ್ಕ ಮೇಲೆ ಬದಲಿ ಬಲ್ಬ್ ಎಲ್ಲಿ ತರುವುದು? ಅಪ್ಪ ಅದನ್ನು ಕತ್ತರಿಸಿ ತೆಗೆದು, ಎರಡು ತಂತಿ ಹೆಣೆದು, ಟೇಪ್ ಸುತ್ತುತ್ತಿದ್ದರು. ಸೆಟ್ ಝಗ್ ಅಂತ ಉರಿಯುತ್ತಿತ್ತು. ಹೋದ ವರ್ಷಕ್ಕಿಂತ ಜಾಸ್ತಿಯೇ ಬೆಳಕು! "ನೋಡಿದ್ಯಾ, ರಿಪೇರಿ ಅಂದ್ರೆ ಇದು" ಅನ್ನುತ್ತಿದ್ದರು. ಬೆಳಕು ನಿಜವಾಗಿಯೂ ಜಾಸ್ತಿಯಾಗಿತ್ತು, ಆದರೆ ಅದು ರಿಪೇರಿಯ ಗುಣವಲ್ಲ. ಪಾಲು ಕೇಳುವವರು ಒಬ್ಬರು ಕಮ್ಮಿಯಾದರು, ಉಳಿದವರ ಪಾಲು ಹೆಚ್ಚಾಯಿತು, ಅಷ್ಟೆ.

ಹೆಚ್ಚಿನ ಪಾಲು ಸುಮ್ನೆ ಬರುವುದಿಲ್ಲ. ಬಲ್ಬಿನೊಳಗೆ ಉರಿಯುವ ತಂತಿ, ಅಂದರೆ ಫಿಲಮೆಂಟ್, ಬಿಸಿಯಾದಷ್ಟೂ ಅದರ ಟಂಗ್‌ಸ್ಟನ್ ಆವಿಯಾಗಿ ಸವೆಯುತ್ತದೆ. ಸವೆದು ತೆಳುವಾದ ಜಾಗ ಇನ್ನೂ ಬಿಸಿಯಾಗುತ್ತದೆ, ಇನ್ನೂ ಬೇಗ ಸವೆಯುತ್ತದೆ. ವೋಲ್ಟೇಜ್ ಶೇ 5ರಷ್ಟು ಏರಿದರೆ ಸಾಕು, ಬಲ್ಬಿನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. 40ರಲ್ಲಿ ಎರಡೇ ಬಲ್ಬ್ ಕತ್ತರಿಸಿದರೂ ಲೆಕ್ಕ ಅಲ್ಲಿಗೆ ಬಂತು. ನಮ್ಮ ಸೆಟ್ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಾ, ಬೆಳ್ಳಗಾಗುತ್ತಾ ಹೋಯಿತು. ಕೊನೆಗೆ ಒಂದು ಕ್ರಿಸ್‌ಮಸ್ ರಾತ್ರಿ, ಆಂಟಿ ಕೊಟ್ಟ ಕಲ್‌ಕಲ್ ನಾವು ತಿನ್ನುತ್ತಿದ್ದಾಗ, ಕಣ್ಣು ಕುಕ್ಕುವ ಹಾಗೆ ಬೆಳಗಿ ಹೋಗೇ ಬಿಟ್ಟಿತು. ಆಮೇಲೆ ಅಪ್ಪನ ಟೆಸ್ಟರ್‌ಗೂ ಅದು ಬಗ್ಗಲಿಲ್ಲ.

ಮರಕ್ಕೆ ಕರೆಂಟ್ ದೀಪ ಹಾಕುವ ಚಾಳಿ ಶುರುವಾದದ್ದು 1882ರಲ್ಲಿ. ಎಡಿಸನ್ ಜೊತೆಗಾರ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬ್ ಕಟ್ಟಿಸಿದ್ದ. ಅದಕ್ಕೂ ಮೊದಲು ಒಣಗಿದ ಕೊಂಬೆಗೆ ಉರಿಯುವ ಮೇಣದ ಬತ್ತಿ ಸಿಕ್ಕಿಸುತ್ತಿದ್ದರು. ಆ ಧೈರ್ಯ ಮೆಚ್ಚಬೇಕು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದ ಕರೆಂಟಿನಿಂದ.

ಈಗ ಎಸ್.ಪಿ. ರಸ್ತೆಗೆ ಹೋದರೆ ಕಣ್ಣಿಗೆ ಬೀಳುವುದು ಎಲ್‌ಇಡಿ ಸೆಟ್‌ಗಳೇ. ಇವೂ ಸಾಲೇ. ಆದರೆ ಇಲ್ಲಿ ಬಣ್ಣಕ್ಕೊಂದು ರೇಟು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ 3ರ ಹತ್ತಿರ ಬೇಕು. ನೀಲಿ ಬೆಳಕಿನ ಒಂದೊಂದು ಕಣದಲ್ಲೂ ಕೆಂಪಿನದಕ್ಕಿಂತ ಹೆಚ್ಚು ಶಕ್ತಿ ಇರುವುದರಿಂದ ಅದನ್ನು ಹುಟ್ಟಿಸಲು ಹೆಚ್ಚು ಒತ್ತಬೇಕು. ಅದಕ್ಕೆ ತಕ್ಕ ವಸ್ತು ಪಳಗಿಸುವುದೂ ಕಷ್ಟವಾಯಿತು. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಚೆನ್ನಾಗಿ ಬೆಳಗುವ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು. ಬಿಳಿ ಎಲ್‌ಇಡಿ ಒಳಗಿರುವುದೂ ಸಾಮಾನ್ಯವಾಗಿ ನೀಲಿಯೇ. ಆರಿಸಿದ ಮೇಲೆ ಹತ್ತಿರ ಹಿಡಿದು ನೋಡಿ, ಒಳಗೆ ಅರಿಸಿನ ಬಣ್ಣದ ಚುಕ್ಕೆ ಕಾಣುತ್ತದೆ. ನೀಲಿಯ ಒಂದು ಪಾಲನ್ನು ಅದು ಹಳದಿ ಮಾಡುತ್ತದೆ. ಎರಡೂ ಬೆರೆತರೆ ನಮ್ಮ ಕಣ್ಣಿಗೆ ಬಿಳಿ.

ಉದ್ದದ ಸೆಟ್ಟಿನಲ್ಲಿ ಇಂಥ ಸಾಲುಗಳು ಎರಡು ಮೂರು ಇರುತ್ತವೆ, ಒಂದು ಕೆಟ್ಟರೆ ಅಷ್ಟು ಭಾಗ ಮಾತ್ರ ಕತ್ತಲೆ. ಹೋದ ಡಿಸೆಂಬರ್‌ನಲ್ಲಿ ಆಂಟಿಯ ಮನೆಗೆ ಹೋಗಿದ್ದೆ. ಈಗ ಪ್ಲಾಸ್ಟಿಕ್ ಮರ, ಹೊಸ ಸೆಟ್. ಮಧ್ಯದ ಒಂದು ಸಾಲು ಉರಿಯುತ್ತಿರಲಿಲ್ಲ. ನಾನು ಬಗ್ಗಿ ತಂತಿ ನೋಡುತ್ತಾ "ಕಟರ್ ಇದೆಯಾ ಆಂಟಿ?" ಅಂದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಮರವನ್ನೇ ಅರ್ಧ ಸುತ್ತು ತಿರುಗಿಸಿ, ಕತ್ತಲೆಯ ಭಾಗವನ್ನು ಗೋಡೆ ಕಡೆಗೆ ಮಾಡಿಟ್ಟರು.